‘ಅವನು’ ಎಂದರೆ ‘ಅವಳೂ’ ಸೇರಿ

ನಾನು ಮದುವೆಯಾಗಿ ಮುಂಬಯಿಗೆ ಬಂದದ್ದು 1979ರ ಮಳೆಗಾಲದಲ್ಲಿ. ಶಿರಸಿ ಕಡೆಯ ಒಂದು ಹಳ್ಳಿ, ಅಡಿಕೆ ತೋಟ, ಮನೆಯಿಂದ ಮನೆಗೆ ಅರ್ಧ ಮೈಲಿ. ಅಲ್ಲಿಂದ ಡೊಂಬಿವಲಿಯ ಎರಡು ಕೋಣೆಯ ಬಿಡಾರಕ್ಕೆ. ಗೋಡೆಯ ಆಚೆ ಒಂದು ಮರಾಠಿ ಸಂಸಾರ, ಈಚೆ ಇನ್ನೊಂದು. ನನಗೆ ಮರಾಠಿ ಬರುತ್ತಿರಲಿಲ್ಲ. ನಮ್ಮವರಿಗೆ ಬರುತ್ತಿತ್ತು. ಅವರು ಅಕ್ಕಪಕ್ಕದವರ ಹತ್ತಿರ ಮಾತಾಡುವುದನ್ನು ಕೇಳಿ ಕೇಳಿಯೇ ನಾನು ಕಲಿತೆ. ಎಡವಟ್ಟಾದದ್ದು ಅಲ್ಲಿಯೇ.

ಒಂದು ದಿನ ತರಕಾರಿ ಚೀಲ ಹಿಡಿದು ಮೆಟ್ಟಿಲು ಹತ್ತುತ್ತಿದ್ದಾಗ ಪಕ್ಕದ ಮನೆಯ ವಹಿನಿ, ಯಾವಾಗ ಬಂದಿರಿ ಅಂತ ಕೇಳಿದರು. ‘ಮೀ ಆತ್ತಾಚ್ ಆಲೋ’ ಅಂದೆ. ಈಗಷ್ಟೇ ಬಂದೆ ಅಂತ. ಆಕೆ ನಕ್ಕರು ನೋಡಿ, ಮೂರನೇ ಮಾಳಿಗೆಯವರೆಗೂ ಕೇಳಿಸಿತು. ‘ಆಲೋ’ ಅಂದರೆ ಬಂದದ್ದು ಗಂಡಸು. ನಾನು ‘ಆಲೇ’ ಅನ್ನಬೇಕಿತ್ತು. ಗಂಡನ ಬಾಯಿಂದ ಕಲಿತ ಮರಾಠಿಯಲ್ಲಿ ನಾನು ಎರಡು ತಿಂಗಳಿಂದ ಗಂಡಸಾಗಿ ಓಡಾಡುತ್ತಿದ್ದೆ, ಯಾರೂ ಹೇಳಿರಲಿಲ್ಲ!

ಆವತ್ತು ನಾನೂ ನಕ್ಕೆ. ಆದರೆ ರಾತ್ರಿ ಮಲಗಿದಾಗ ಒಂದು ವಿಷಯ ತಲೆಯಲ್ಲಿ ಕೊರೆಯತೊಡಗಿತು. ಕನ್ನಡದಲ್ಲಿ ‘ನಾನು ಬಂದೆ’ ಅಂದರೆ ಮುಗಿಯಿತು. ಬಂದವರು ಗಂಡೋ ಹೆಣ್ಣೋ ಆ ಮಾತಿನಲ್ಲಿಲ್ಲ. ಮರಾಠಿಯಲ್ಲಿ, ಹಿಂದಿಯಲ್ಲಿ ಹಾಗಲ್ಲ. ಬಂದೆ, ಹೋದೆ, ಹೋಗುತ್ತೇನೆ ಎಂದಾಗಲೆಲ್ಲ ‘ನಾನು ಹೆಂಗಸು’ ಅಂತಲೂ ಹೇಳಿದ ಹಾಗೆ. ‘ಜಾತಾ ಹೂಂ’ ಅಂದರೆ ಗಂಡು, ‘ಜಾತೀ ಹೂಂ’ ಅಂದರೆ ಹೆಣ್ಣು. ಇಪ್ಪತ್ತೆರಡು ವರ್ಷ ನಾನು ಬರೀ ‘ನಾನು’ ಆಗಿದ್ದೆ. ಮುಂಬಯಿಗೆ ಬಂದ ಮೇಲೆ ಹೊತ್ತುಹೊತ್ತಿಗೂ ಹೆಂಗಸು ಅಂತ ದಾಖಲೆ ಕೊಡಬೇಕಾಯಿತು.

ಹಾಗಂತ ಕನ್ನಡ ಸಾಚಾ ಅಂತಲೂ ಅಲ್ಲ. ಮಾತಾಡುವವರ ಲಿಂಗ ನಮ್ಮಲ್ಲಿ ಕಾಣುವುದಿಲ್ಲ, ಆದರೆ ಕೇಳುವವರದ್ದು ಕಾಣುತ್ತದೆ. ಸಲುಗೆಯ ಮಾತಲ್ಲಿ ‘ಬಾರೋ’ ಬೇರೆ, ‘ಬಾರೇ’ ಬೇರೆ. ‘ಕಣೋ’ ಬೇರೆ, ‘ಕಣೇ’ ಬೇರೆ. ಇನ್ನು ಮೂರನೆಯವರ ಬಗ್ಗೆ ಆಡುವ ಮಾತಿನಲ್ಲಂತೂ ಕೇಳಲೇಬೇಡಿ. ಗಂಡನ ವಿಷಯ ಬಂದರೆ ‘ಅವರು ಬಂದರು’, ಹೆಂಡತಿಯ ವಿಷಯ ಬಂದರೆ ‘ಅವಳು ಬಂದಳು’. ವಿದ್ಯಾವಂತರ ಮನೆಯಲ್ಲೂ ಇದೇ. ಮೇಲೆ ನಾನೇ ‘ನಮ್ಮವರು’ ಅಂತ ಬರೆದಿದ್ದೇನಲ್ಲ. ಅವರು ನನ್ನನ್ನು ಯಾರಿಗಾದರೂ ಪರಿಚಯ ಮಾಡಿಸುವಾಗ ‘ಇವಳು ನನ್ನ ಹೆಂಡತಿ’ ಅನ್ನುತ್ತಾರೆ. ಕೋಪವೇನೂ ಇಲ್ಲ, ರೂಢಿ.

ನಮ್ಮ ಕಚೇರಿಯಲ್ಲಿ ಕೊಲ್ಲಾಪುರದ ಕಡೆಯ ಒಬ್ಬಾಕೆ ಇದ್ದರು. ಅವರು ಖಡಾಖಡಿ ‘ಮೀ ಆಲೋ’ ಅನ್ನುತ್ತಿದ್ದರು. ಪುಣೆ ಕಡೆಯವರು ನಕ್ಕರೆ, ನಮ್ಮ ಊರಲ್ಲಿ ಹೆಂಗಸರು ಹೀಗೇ ಮಾತಾಡೋದು, ಏನೀಗ ಅಂತ ತಿರುಗಿ ಕೇಳುತ್ತಿದ್ದರು. ಆ ಸೀಮೆ ಕನ್ನಡ ನಾಡಿಗೆ ತಾಗಿಕೊಂಡದ್ದು. ಕನ್ನಡದ ‘ಬಂದೆ’ಯ ಗಾಳಿ ಬೀಸಿ ಹಾಗಾಯಿತೋ ಏನೋ ಎಂದು ನನಗೆ ನಾನೇ ಅಂದುಕೊಂಡು ಖುಷಿಪಟ್ಟದ್ದುಂಟು.

ಅಜ್ಜಿ ಬಂತು

ನಮ್ಮ ಮನೆಮಾತು ಹವ್ಯಕ ಕನ್ನಡ. ಅದರ ಒಂದು ವಿಶೇಷ ಬೇರೆ ಕನ್ನಡಿಗರಿಗೆ ವಿಚಿತ್ರವಾಗಿ ಕೇಳಿಸುತ್ತದೆ. ನಮ್ಮಲ್ಲಿ ಗಂಡು ಹುಡುಗ ‘ಮಾಣಿ’, ಹುಡುಗಿ ‘ಕೂಸು’. ಮಾಣಿ ‘ಬಂದ’, ಕೂಸು ‘ಬಂತು’. ಭಾವ ಬಂದ, ಅಕ್ಕ ಬಂತು. ಅಪ್ಪ ಹೋದ, ಆಯಿ ಹೋತು. ಗಂಡಸು ‘ಅವ’, ಹೆಂಗಸು ‘ಅದು’. ‘ಅವಳು’ ಎಂಬ ಮಾತನ್ನು ನಾನು ಆಡಲು ಕಲಿತದ್ದು ಶಾಲೆಗೆ ಹೋದ ಮೇಲೆ.

ನನಗೆ ಅದರಲ್ಲಿ ಏನೂ ಅನ್ನಿಸಿರಲಿಲ್ಲ. ಅನ್ನಿಸುವಂತೆ ಮಾಡಿದ್ದು ಮಗಳು. 1990ರ ಬೇಸಿಗೆ ರಜೆಗೆ ಊರಿಗೆ ಹೋಗಿದ್ದೆವು. ಆಗ ಅವಳಿಗೆ ಏಳು ವರ್ಷ. ಮುಂಬಯಿಯ ಶಾಲೆ, ಮನೆಯಲ್ಲಿ ನಾನು ಪುಸ್ತಕದ ಕನ್ನಡವನ್ನೇ ಹೆಚ್ಚು ಆಡುತ್ತಿದ್ದೆ. ಊಟಕ್ಕೆ ಕೂತಾಗ ಎಲ್ಲರೆದುರು ಕೇಳಿಬಿಟ್ಟಳು: ‘ಅಮ್ಮಾ, ಅಜ್ಜಿ ಏನು ಬೆಕ್ಕಾ? ಎಲ್ಲರೂ ಯಾಕೆ ಅಜ್ಜಿ ಬಂತು, ಅಜ್ಜಿ ಹೋತು ಅಂತಾರೆ? ಅಜ್ಜ ಮಾತ್ರ ಬಂದ ಅಂತಾರೆ?’

ಪಂಕ್ತಿ ಸ್ತಬ್ಧವಾಯಿತು. ಆಯಿ ಬಡಿಸುತ್ತಿದ್ದವಳು ನಿಂತು, ‘ಅದು ಅಂದ್ರೆ ಎಂತ ಆತು ತಂಗಿ? ಯನ್ನ ಆಯಿಗೂ ಹಂಗೇ ಹೇಳ್ತಿದ್ದ’ ಅಂತ ನಕ್ಕು, ಅವಳ ಎಲೆಗೆ ಇನ್ನೊಂದು ಹಪ್ಪಳ ಹಾಕಿ ಒಳಗೆ ಹೋದಳು. ಆದರೆ ಮಗಳ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಆಯಿಯ ಉತ್ತರ ನನಗೆ ಸಾಕಾಗಲಿಲ್ಲ, ಅದು ಸುಳ್ಳು ಅನ್ನುವುದಕ್ಕೂ ಬಾಯಿ ಬರಲಿಲ್ಲ.

ಮುಂದೆ ಹೈದರಾಬಾದಿನಲ್ಲಿ ನಾದಿನಿಯ ಮನೆಗೆ ಹೋದಾಗ ಒಂದು ಎಳೆ ಸಿಕ್ಕಿತು. ಅಲ್ಲಿ ತೆಲುಗು ಕೇಳುತ್ತಾ ಕೂತಿದ್ದೆ. ಗಂಡಸು ಬಂದರೆ ‘ವಚ್ಚಾಡು’. ಹೆಂಗಸು ಬಂದರೆ ‘ವಚ್ಚಿಂದಿ’. ಹಸು ಬಂದರೂ ‘ವಚ್ಚಿಂದಿ’, ಬಸ್ಸು ಬಂದರೂ ‘ವಚ್ಚಿಂದಿ’. ಅರೆ, ಇದು ನಮ್ಮ ಮನೆಯದೇ ವ್ಯಾಕರಣ! ಬಹುವಚನಕ್ಕೆ ಬಂದಾಗ ಮಾತ್ರ ಹೆಂಗಸರು ಹಸುವನ್ನು ಬಿಟ್ಟು ಗಂಡಸರ ಜೊತೆ ಸೇರುತ್ತಾರೆ, ‘ವಚ್ಚಾರು’. ತೆಲುಗಿನ ವೈಯಾಕರಣರು ಇದಕ್ಕೆ ಹೆಸರನ್ನೂ ಇಟ್ಟಿದ್ದಾರೆ. ಗಂಡಸರು, ದೇವರುಗಳು ‘ಮಹತ್’. ಉಳಿದದ್ದು ‘ಅಮಹತ್’. ಒಬ್ಬಳೇ ಇರುವ ಹೆಂಗಸು ಅಮಹತ್ತಿನ ಕಡೆ, ಗುಂಪಿನಲ್ಲಿದ್ದರೆ ಮಹತ್ತಿನ ಕಡೆ. ಒಬ್ಬಳಾದರೆ ಬೆಲೆ ಇಲ್ಲ, ನಾಲ್ಕು ಜನ ಸೇರಿದರೆ ಉಂಟು. ಇದು ವ್ಯಾಕರಣವೋ ಅನುಭವವೋ ಅಂತ ನಾದಿನಿಯೂ ನಾನೂ ನಕ್ಕೆವು.

ಹೈದರಾಬಾದಿನಲ್ಲಿ ನೆಲೆಸಿದ್ದ ಭಾಷಾವಿಜ್ಞಾನಿ ಭದ್ರಿರಾಜು ಕೃಷ್ಣಮೂರ್ತಿ ದ್ರಾವಿಡ ಭಾಷೆಗಳ ಬಗ್ಗೆ 2003ರಲ್ಲಿ ದೊಡ್ಡ ಗ್ರಂಥ ಪ್ರಕಟಿಸಿದರು. ಮೂಲ ದ್ರಾವಿಡದಲ್ಲಿ ಏಕವಚನಕ್ಕೆ ‘ಗಂಡಸು’ ಮತ್ತು ‘ಗಂಡಸಲ್ಲದ್ದು’ ಎಂಬ ಎರಡೇ ವಿಭಾಗ ಇತ್ತು, ಕನ್ನಡ–ತಮಿಳು ಮುಂತಾದ ದಕ್ಷಿಣದ ಭಾಷೆಗಳು ‘ಅವಳು’ ಎಂಬುದನ್ನು ಆಮೇಲೆ ಸೃಷ್ಟಿಸಿಕೊಂಡವು ಎಂಬುದು ಅವರ ವಾದ. ಗೋಂಡಿ, ಕೊಲಾಮಿಯಂಥ ಮಧ್ಯ ಭಾರತದ ಭಾಷೆಗಳಲ್ಲಿ ಬಹುವಚನದಲ್ಲೂ ಹೆಂಗಸರು ಗಂಡಸಲ್ಲದ್ದರ ಜೊತೆಗೇ ಇದ್ದಾರೆ. ತಮಿಳಿನ ತೊಲ್‌ಕಾಪ್ಪಿಯಂ ಮನುಷ್ಯರನ್ನೆಲ್ಲ ‘ಉಯರ್‌ತಿಣೈ’ ಅಂದರೆ ಮೇಲಿನ ವರ್ಗ ಅಂತ ಕರೆದು ಹೆಂಗಸರನ್ನೂ ಅದರಲ್ಲೇ ಸೇರಿಸಿತು. ಮಲಯಾಳವಂತೂ ಕ್ರಿಯಾಪದದ ಜಗಳವನ್ನೇ ಬಗೆಹರಿಸಿಕೊಂಡಿದೆ. ಅವನು, ಅವಳು, ಅದು, ಯಾರು ಬಂದರೂ ‘ವನ್ನು’.

ಪರಭಾಷೆಗಳಲ್ಲೂ ಇಂಥದ್ದು ಕಡಿಮೆಯಿಲ್ಲ. ನಮ್ಮ ನೆರೆಯ ಕೊಂಕಣಿಯಲ್ಲಿ ಹುಡುಗಿ ‘ಚೆಡುಂ’, ಅದು ನಪುಂಸಕಲಿಂಗ. ಸಂಸ್ಕೃತದಲ್ಲಿ ಹೆಂಡತಿಗೆ ಮೂರು ಪದ ನೋಡಿ: ‘ಭಾರ್ಯಾ’ ಸ್ತ್ರೀಲಿಂಗ, ‘ಕಲತ್ರ’ ನಪುಂಸಕ, ‘ದಾರಾ’ ಪುಲ್ಲಿಂಗ, ಅದೂ ಬಹುವಚನ! ಅಲ್ಲಿ ಲಿಂಗ ಪದಕ್ಕೆ ಸೇರಿದ್ದು, ಮನುಷ್ಯರಿಗಲ್ಲ. ಕನ್ನಡದಲ್ಲಿ ಹಾಗಲ್ಲ. ಅರ್ಥ ನೋಡಿ ಲಿಂಗ. ಮೇಜು, ಕುರ್ಚಿ, ರೈಲು ಎಲ್ಲ ‘ಅದು’. ಅದಕ್ಕೇ ನಾವು ಮುಂಬಯಿ ಕನ್ನಡಿಗರು ಸಾಯುವವರೆಗೂ ಹಿಂದಿಯಲ್ಲಿ ‘ಗಾಡಿ ಆಯಾ’ ಅಂತಲೇ ಅನ್ನುವುದು. ರೈಲು ಹೆಣ್ಣು ಯಾಕೆ ಅಂತ ನಮಗೆ ಅರ್ಥವೇ ಆಗುವುದಿಲ್ಲ.

ಫೋರ್ಟಿನ ಟೈಪ್‌ರೈಟರ್

1982ರಲ್ಲಿ ನಾನು ಫೋರ್ಟಿನ ಒಂದು ಸಾಲಿಸಿಟರ್ ಕಚೇರಿಗೆ ಸ್ಟೆನೋ ಆಗಿ ಸೇರಿದೆ. ಶಿರಸಿಯಲ್ಲಿ ಕಲಿತ ಟೈಪಿಂಗು ಕೈಹಿಡಿಯಿತು. ಬೆಳಿಗ್ಗೆ ಡೊಂಬಿವಲಿಯಿಂದ ಲೋಕಲಿನ ಹೆಂಗಸರ ಡಬ್ಬಿಯಲ್ಲಿ ವಿ.ಟಿ.ಗೆ, ಅಲ್ಲಿಂದ ನಡೆದು ಕಚೇರಿಗೆ. ಇಡೀ ದಿನ ಕರಾರುಪತ್ರ, ಭೋಗ್ಯಪತ್ರ, ಉಯಿಲು. ಹೆಚ್ಚುಕಡಿಮೆ ಪ್ರತಿ ಪತ್ರದಲ್ಲೂ ಒಂದು ಸಾಲು ಬರುತ್ತಿತ್ತು. ಇದರಲ್ಲಿ ಪುಲ್ಲಿಂಗದಲ್ಲಿ ಹೇಳಿದ ಮಾತು ಸ್ತ್ರೀಲಿಂಗವನ್ನೂ ಒಳಗೊಳ್ಳುತ್ತದೆ ಅಂತ. ಸಾವಿರಾರು ಸಲ ಆ ಸಾಲನ್ನು ಟೈಪು ಮಾಡಿದ್ದೇನೆ. ಬೆರಳಿಗೆ ಬಾಯಿಪಾಠ.

ಒಮ್ಮೆ ನಮ್ಮ ಹಿರಿಯ ಪಾಲುದಾರರಾದ ಪಾರ್ಸಿ ಮುದುಕರನ್ನು ಕೇಳಿದೆ. ಸರ್, ‘ಅವನು’ ಅಂದರೆ ‘ಅವಳೂ’ ಸೇರಿ ಅಂತ ಪ್ರತಿ ಸಲ ಬರೆಯಬೇಕಾ? ಅವರು ಕನ್ನಡಕ ತೆಗೆದು, ಬರೆಯದಿದ್ದರೆ ಏನಾಗುತ್ತೆ ಅನ್ನೋದು ಇತಿಹಾಸದಲ್ಲಿದೆ, ಬರೆದರೂ ಏನಾಯಿತು ಅನ್ನೋದೂ ಇದೆ ಅಂದರು. ಅವರು ಆ ಸಂಜೆ ಹೇಳಿದ್ದನ್ನು, ಆಮೇಲೆ ನಾನು ಕಚೇರಿಯ ಹಳೆಯ ಪುಸ್ತಕಗಳಲ್ಲಿ ಓದಿಕೊಂಡದ್ದನ್ನು ಸೇರಿಸಿ ಇಲ್ಲಿ ಬರೆಯುತ್ತೇನೆ.

ಬ್ರಿಟಿಷ್ ಪಾರ್ಲಿಮೆಂಟು 1850ರಲ್ಲಿ ಒಂದು ಕಾನೂನು ಮಾಡಿತು. ಶಾಸನಗಳಲ್ಲಿ ಪುಲ್ಲಿಂಗದ ಪದ ಬಳಸಿದ್ದರೆ ಅದು ಸ್ತ್ರೀಯರಿಗೂ ಅನ್ವಯ ಎಂದು. ಪದ ಉಳಿಸುವ ಉಪಾಯ. ಹತ್ತು ವರ್ಷದ ನಂತರ, 1860ರಲ್ಲಿ, ನಮ್ಮ ದೇಶದ ದಂಡಸಂಹಿತೆ ಬಂತು. ಅದರ 8ನೆಯ ಕಲಮು ಇದನ್ನೇ ಹೇಳಿತು: ‘ಅವನು’ ಎಂಬ ಸರ್ವನಾಮ ಗಂಡು, ಹೆಣ್ಣು ಇಬ್ಬರಿಗೂ ಸಲ್ಲುತ್ತದೆ. 1897ರ ಜನರಲ್ ಕ್ಲಾಸಸ್ ಆಕ್ಟಿನ 13ನೆಯ ಕಲಮು ಎಲ್ಲ ಕೇಂದ್ರ ಕಾಯಿದೆಗಳಿಗೂ ಇದನ್ನು ಹಬ್ಬಿಸಿತು. ಆದರೆ ಒಂದು ಸಣ್ಣ ಬಾಲವನ್ನೂ ಇಟ್ಟಿತು: ವಿಷಯಕ್ಕೆ ಅಥವಾ ಸಂದರ್ಭಕ್ಕೆ ವಿರೋಧವಾಗದಿದ್ದರೆ ಮಾತ್ರ.

ಆ ಬಾಲದ ಮಹಿಮೆ ಗೊತ್ತಾದದ್ದು 1916ರಲ್ಲಿ, ಕಲ್ಕತ್ತೆಯಲ್ಲಿ. ರೆಜಿನಾ ಗುಹಾ ಎಂಬ ಯುವತಿ ಎಂ.ಎ. ಮಾಡಿ, ಕಾನೂನು ಪದವಿಯನ್ನೂ ಪಡೆದು, ಅಲಿಪುರದ ಜಿಲ್ಲಾ ನ್ಯಾಯಾಲಯದಲ್ಲಿ ಪ್ಲೀಡರ್ ಆಗಲು ಅರ್ಜಿ ಹಾಕಿದರು. ವಕೀಲರಿಗೆ ಸಂಬಂಧಿಸಿದ ಕಾಯಿದೆ 1879ರದ್ದು. ಅದರಲ್ಲಿದ್ದುದು ‘ಅವನು’. ‘ಅವನು’ ಅಂದರೆ ‘ಅವಳೂ’ ಸೇರಿ ಅಂತ ಕಾನೂನೇ ಹೇಳುತ್ತದಲ್ಲ ಎಂಬುದು ಅವರ ಪರವಾದ ವಾದ. ಹೈಕೋರ್ಟಿನ ಪೂರ್ಣ ಪೀಠ ಒಪ್ಪಲಿಲ್ಲ. ಕಾಯಿದೆ ಮಾಡಿದವರ ಮನಸ್ಸಿನಲ್ಲಿ ಹೆಂಗಸರು ಇರಲೇ ಇಲ್ಲ, ಆದ್ದರಿಂದ ಇಲ್ಲಿ ‘ಅವನು’ ಅಂದರೆ ಅವನೇ ಎಂದು ತೀರ್ಪು ಕೊಟ್ಟಿತು. 1921ರಲ್ಲಿ ಸುಧಾಂಶುಬಾಲಾ ಹಾಜ್ರಾ ಪಾಟ್ನಾ ಹೈಕೋರ್ಟಿನ ಬಾಗಿಲು ತಟ್ಟಿದರು. ಅಲ್ಲೂ ಅದೇ ಉತ್ತರ.

ಈಗ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಒಬ್ಬ ಹೆಂಗಸು ಕೊಲೆ ಮಾಡಿದರೆ 1860ರ ದಂಡಸಂಹಿತೆಯ ‘ಅವನು’ ಅವಳನ್ನೂ ಒಳಗೆ ಸೇರಿಸಿಕೊಂಡು ಗಲ್ಲಿಗೇರಿಸಬಹುದಿತ್ತು. ಅದೇ ಹೆಂಗಸಿನ ಪರವಾಗಿ ಇನ್ನೊಬ್ಬ ಹೆಂಗಸು ವಕೀಲಿ ಮಾಡುತ್ತೇನೆ ಅಂದರೆ 1916ರಲ್ಲಿ ‘ಅವನು’ ಬಾಗಿಲು ಹಾಕಿಕೊಳ್ಳುತ್ತಿದ್ದ. ಶಿಕ್ಷೆಗೆ ಸೇರಿ, ಹಕ್ಕಿಗೆ ಬಿಟ್ಟು. ಇದನ್ನು ಓದಿದ ದಿನ ನಾನು ಆ ಸಾಲನ್ನು ಟೈಪು ಮಾಡುವಾಗ ಕೈ ಸ್ವಲ್ಪ ತಡೆಯಿತು.

ಇನ್ನೊಂದು ಮಾತು. ಬಂಗಾಳಿಯ ಸರ್ವನಾಮದಲ್ಲಿ ಅವನು–ಅವಳು ಎಂಬ ಭೇದವೇ ಇಲ್ಲ. ಅಂಥ ಭಾಷೆಯ ಊರಿನಲ್ಲಿ ಕೂತು, ಇಂಗ್ಲಿಷಿನ ಒಂದು ಸರ್ವನಾಮವನ್ನು ಹಿಡಿದು ಹೆಂಗಸನ್ನು ಹೊರಗಿಟ್ಟರು.

ಇದೇ ಹೊತ್ತಿಗೆ ಇನ್ನೊಬ್ಬರ ಕತೆಯೂ ನಡೆದಿತ್ತು. ಕಾರ್ನೀಲಿಯಾ ಸೊರಾಬ್ಜಿ 1866ರಲ್ಲಿ ನಾಸಿಕದಲ್ಲಿ ಹುಟ್ಟಿದವರು. ಬಾಲ್ಯದ ಕೆಲವು ವರ್ಷ ಕಳೆದದ್ದು ನಮ್ಮ ಬೆಳಗಾವಿಯಲ್ಲಿ. ಆಮೇಲೆ ಪುಣೆ, ಅಲ್ಲಿಯ ಡೆಕ್ಕನ್ ಕಾಲೇಜು. ಮುಂಬಯಿ ವಿಶ್ವವಿದ್ಯಾಲಯದ ಮೊದಲ ಮಹಿಳಾ ಪದವೀಧರೆ. 1889ರಲ್ಲಿ ಆಕ್ಸ್‌ಫರ್ಡಿಗೆ ಹೋದರು. 1892ರಲ್ಲಿ ಅಲ್ಲಿ ಕಾನೂನು ಪರೀಕ್ಷೆಗೆ ಕೂತರು, ಹಾಗೆ ಕೂತ ಮೊದಲ ಹೆಂಗಸು. ಪರೀಕ್ಷೆ ಮುಗಿಯಿತು, ಪದವಿ ಸಿಗಲಿಲ್ಲ. ಆಕ್ಸ್‌ಫರ್ಡು ಹೆಂಗಸರಿಗೆ ಪದವಿ ಕೊಡಲು ಒಪ್ಪಿದ್ದು 1920ರಲ್ಲಿ. ನಡುವೆ ಸುಮಾರು ಮೂವತ್ತು ವರ್ಷ. ಆ ನಡುವೆ ಹಲವು ವರ್ಷ ಅವರು ಬಂಗಾಳದ ಕಡೆ ಪರದೆಯೊಳಗಿನ ಜಮೀನ್ದಾರ ವಿಧವೆಯರ ಆಸ್ತಿ ವ್ಯವಹಾರಗಳಿಗೆ ಸರ್ಕಾರದ ಕಡೆಯಿಂದ ಸಲಹೆಗಾರರಾಗಿ ದುಡಿದರು. 1921ರಲ್ಲಿ ಅಲಹಾಬಾದ್ ಹೈಕೋರ್ಟು ಅವರನ್ನು ವಕೀಲರೆಂದು ನೋಂದಾಯಿಸಿಕೊಂಡಿತು. ಪಾಟ್ನಾ ಆಗುವುದಿಲ್ಲ ಅಂದ ಅದೇ ವರ್ಷ, ಅಲಹಾಬಾದು ಆಗುತ್ತದೆ ಅಂದಿತು! ‘ಅವನು’ ಎಂಬ ಪದ ಎರಡು ಊರಲ್ಲೂ ಒಂದೇ. ಓದಿದವರ ಕಣ್ಣು ಬೇರೆ.

ಕೊನೆಗೆ 1923ರಲ್ಲಿ ಶಾಸನವೇ ಬಂತು. ಹೆಂಗಸು ಎಂಬ ಕಾರಣಕ್ಕೆ ಯಾರನ್ನೂ ವಕೀಲಿಯಿಂದ ಹೊರಗಿಡುವಂತಿಲ್ಲ ಎಂದು ನೇರವಾಗಿ ಬರೆದರು. ಅದೇ ವರ್ಷ ಲಂಡನ್ನಿನಲ್ಲಿ ಬ್ಯಾರಿಸ್ಟರಾದ ಮಿಠಾನ್ ಟಾಟಾ, ಮುಂದೆ ಮಿಠಾನ್ ಲಾಮ್ ಎಂದು ಹೆಸರಾದವರು, ನಮ್ಮ ಕಚೇರಿಯಿಂದ ಕೂಗಳತೆಯಲ್ಲಿರುವ ಬೊಂಬಾಯಿ ಹೈಕೋರ್ಟಿನಲ್ಲಿ ವಕೀಲಿ ಮಾಡಿದ ಮೊದಲ ಹೆಂಗಸಾದರು. ನಾನು ಊಟದ ಬಿಡುವಿನಲ್ಲಿ ಆ ಕಟ್ಟಡದ ಮುಂದೆ ಹಾದುಹೋಗುವಾಗ, ಕಪ್ಪು ಕೋಟಿನ ಹುಡುಗಿಯರು ಕಡತ ಹಿಡಿದು ಓಡುತ್ತಿರುವುದನ್ನು ನಿಂತು ನೋಡುತ್ತಿದ್ದೆ.

ವ್ಯಕ್ತಿ ಯಾರು?

ಕೆನಡಾದಲ್ಲಿ ಇಂಥದ್ದೇ ಜಗಳ ‘ಪರ್ಸನ್’ ಎಂಬ ಪದದ ಮೇಲೆ ನಡೆಯಿತು. ಸೆನೆಟ್ಟಿಗೆ ನೇಮಕವಾಗಲು ಅರ್ಹ ‘ವ್ಯಕ್ತಿ’ಗಳಲ್ಲಿ ಹೆಂಗಸರು ಸೇರುತ್ತಾರೋ ಇಲ್ಲವೋ ಎಂಬುದು ಪ್ರಶ್ನೆ. ಅಲ್ಲಿಯ ಸುಪ್ರೀಂ ಕೋರ್ಟು 1928ರಲ್ಲಿ ಇಲ್ಲ ಅಂದಿತು. 1929ರ ಅಕ್ಟೋಬರಿನಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲು, ಸೇರುತ್ತಾರೆ ಅಂದಿತು.

ನಗಬೇಡಿ. ನಮ್ಮ ಕನ್ನಡ ಪತ್ರಿಕೆ ತೆಗೆದು ನೋಡಿ. ‘ಅಪಘಾತ: ಇಬ್ಬರು ವ್ಯಕ್ತಿಗಳು ಹಾಗೂ ಒಬ್ಬ ಮಹಿಳೆ ಸಾವು’ ಎಂಬ ಬಗೆಯ ಸಾಲು ನಾವೆಲ್ಲ ಓದಿದ್ದೇವೆ. ವ್ಯಕ್ತಿ ಅಂದರೆ ಗಂಡಸು, ಮಹಿಳೆ ಅಂದರೆ ಮಹಿಳೆ. ತಮಾಷೆ ಏನೆಂದರೆ ಸಂಸ್ಕೃತದಲ್ಲಿ ‘ವ್ಯಕ್ತಿ’ ಸ್ತ್ರೀಲಿಂಗದ ಪದ! ಇನ್ನು ‘ಮನುಷ್ಯ’. ಮನುಷ್ಯ 1969ರಲ್ಲಿ ಚಂದ್ರನ ಮೇಲೆ ‘ಕಾಲಿಟ್ಟ’. ಮನುಷ್ಯ ಬೆಂಕಿ ‘ಕಂಡುಹಿಡಿದ’. ಶಾಲೆಯಲ್ಲಿ ಇದನ್ನು ಓದಿದಾಗ ನನ್ನ ಕಣ್ಣಿಗೆ ಬಂದ ಚಿತ್ರ ಗಡ್ಡದ ಗಂಡಸಿನದೇ. ಒಲೆ ಮುಂದೆ ಇಡೀ ದಿನ ಕೂರುತ್ತಿದ್ದದ್ದು ಆಯಿ, ಆದರೂ ಬೆಂಕಿ ಕಂಡುಹಿಡಿದವನು ಅವನು. ‘ಮುತ್ತೈದೆ’ಗೆ ಜೋಡಿಯಾದ ಗಂಡಸಿನ ಪದ ಇಲ್ಲ. ‘ಬಂಜೆ’ಗೂ ಇಲ್ಲ. ‘ವಿಧವೆ’ಗೆ ‘ವಿಧುರ’ ಇದೆ, ಎಷ್ಟು ಮನೆಯಲ್ಲಿ ಕೇಳಿದ್ದೀರಿ?

ಇದು ಬರೀ ಊಹೆ ಅಲ್ಲ. ಭಾಷಾವಿಜ್ಞಾನಿ ರೋಮನ್ ಯಾಕೊಬ್ಸನ್ 1959ರ ಲೇಖನವೊಂದರಲ್ಲಿ ಒಂದು ಹಳೆಯ ಪ್ರಯೋಗದ ವಿಷಯ ಬರೆದಿದ್ದಾರೆ. 1915ರಲ್ಲಿ ಮಾಸ್ಕೋದ ಮನಶ್ಶಾಸ್ತ್ರ ಸಂಸ್ಥೆಯಲ್ಲಿ ವಾರದ ದಿನಗಳನ್ನು ಮನುಷ್ಯರಂತೆ ಕಲ್ಪಿಸಿಕೊಳ್ಳಿ ಎಂದು ಕೇಳಿದರಂತೆ. ರಷ್ಯನ್ನರು ಸೋಮವಾರ, ಮಂಗಳವಾರ, ಗುರುವಾರಗಳನ್ನು ಗಂಡಸರಂತೆ, ಬುಧವಾರ, ಶುಕ್ರವಾರ, ಶನಿವಾರಗಳನ್ನು ಹೆಂಗಸರಂತೆ ಕಂಡರು. ರಷ್ಯನ್ ಭಾಷೆಯಲ್ಲಿ ಆ ಪದಗಳ ಲಿಂಗ ಹಾಗೇ ಇದೆ. ತಾವು ವ್ಯಾಕರಣದ ಪ್ರಕಾರ ಚಿತ್ರ ಬಿಡಿಸಿದ್ದೇವೆ ಅಂತ ಅವರಿಗೇ ಗೊತ್ತಿರಲಿಲ್ಲ.

ನನ್ನದೇ ಒಂದು ಪ್ರಸಂಗ ಹೇಳುತ್ತೇನೆ. ಮುಂಬಯಿಯ ಒಂದು ಕನ್ನಡ ಸಂಘದ ಪತ್ರಿಕೆಗೆ, ಬಾಡಿಗೆ ಮನೆಯ ಕರಾರಿನಲ್ಲಿ ಏನೇನು ನೋಡಬೇಕು ಎಂಬ ಲೇಖನ ಬರೆದಿದ್ದೆ. ಹೆಸರಿನ ಮೊದಲ ಅಕ್ಷರಗಳನ್ನಷ್ಟೇ ಹಾಕಿದ್ದೆ. ತಿಂಗಳ ನಂತರ ಮೂರು ಓದುಗರ ಪತ್ರ ಬಂದವು. ಮೂರರಲ್ಲೂ ‘ಮಾನ್ಯ ಸಹೋದರರೇ’, ‘ವಕೀಲರಾದ ತಾವು’ ಅಂತ. ಕನ್ನಡದ ‘ನಾನು’ ಲಿಂಗ ಹೇಳಲಿಲ್ಲ. ಹೇಳದೆ ಬಿಟ್ಟ ಜಾಗವನ್ನು ಓದುಗರು ಖಾಲಿ ಬಿಡಲಿಲ್ಲ, ಕಾನೂನಿನ ವಿಷಯ ಅಂದ ಮೇಲೆ ಗಂಡಸನ್ನೇ ಕೂರಿಸಿದರು. ಅಡುಗೆಯ ವಿಷಯ ಬರೆದಿದ್ದರೆ ‘ಸಹೋದರಿ’ ಆಗುತ್ತಿದ್ದೆನೋ ಏನೋ.

ಅದಕ್ಕೇ ನನಗೆ ಅನ್ನಿಸುವುದು, ಭಾಷೆಯಲ್ಲಿ ಭೇದ ಇಲ್ಲದ ಮಾತ್ರಕ್ಕೆ ಬಾಳಿನಲ್ಲಿ ಇಲ್ಲ ಎಂದಾಗುವುದಿಲ್ಲ. ಬಂಗಾಳಿಯ ಹಾಗೆಯೇ ಪಾರಸಿಯಲ್ಲೂ ತುರ್ಕಿಯಲ್ಲೂ ಅವನು–ಅವಳು ಒಂದೇ ಪದ. ಹಾಗಂತ ಆ ನಾಡುಗಳ ಹೆಂಗಸರಿಗೆ ಎಲ್ಲ ಬಾಗಿಲೂ ತೆರೆದಿತ್ತೇ? ಪದ ಒಂದು ಪಾತ್ರೆ. ಅದರೊಳಗೆ ಏನಿದೆ ಅಂತ ತೀರ್ಮಾನಿಸುವುದು ನಮ್ಮ ಅಭ್ಯಾಸ. ಆದರೆ ಅಭ್ಯಾಸ ಕೂಡ ಪದದಲ್ಲೇ ಅಡಗಿ ಕೂತು ಮುಂದಿನ ತಲೆಮಾರಿಗೆ ದಾಟುತ್ತದೆ, ಅದನ್ನೂ ಮರೆಯುವಂತಿಲ್ಲ.

ಹಾಗೆ ಮರೆಯದೆ ಇದ್ದ ಒಬ್ಬರು ಹಂಸಾ ಮೆಹ್ತಾ. 1937ರಲ್ಲಿ ಬೊಂಬಾಯಿ ಶಾಸನ ಪರಿಷತ್ತಿಗೆ ಗೆದ್ದವರು, ಸಂವಿಧಾನ ಸಭೆಯಲ್ಲೂ ಇದ್ದವರು. 1947–48ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಆಯೋಗದಲ್ಲಿ ಭಾರತದ ಪ್ರತಿನಿಧಿ. ಸಾರ್ವತ್ರಿಕ ಘೋಷಣೆಯ ಕರಡಿನಲ್ಲಿ ಮೊದಲ ವಿಧಿ ‘ಎಲ್ಲ ಮೆನ್’ ಎಂದು ಶುರುವಾಗುತ್ತಿತ್ತು. ಮೆನ್ ಅಂದರೆ ಹೆಂಗಸರೂ ಸೇರಿ ಅಂತ ಎಲ್ಲರಿಗೂ ಗೊತ್ತಿದೆಯಲ್ಲ ಎಂಬುದು ಆಯೋಗದ ಅಧ್ಯಕ್ಷೆ ಎಲಿನಾರ್ ರೂಸ್‌ವೆಲ್ಟರ ನಿಲುವಾಗಿತ್ತು. ಹಂಸಾ ಮೆಹ್ತಾ ಒಪ್ಪಲಿಲ್ಲ. ಬೇಕೆಂದವರು ನಾಳೆ ಅದನ್ನು ಗಂಡಸರು ಅಂತಲೇ ಓದಿಯಾರು ಎಂಬುದು ಅವರ ಆತಂಕ. 1948ರ ಡಿಸೆಂಬರ್ 10ರಂದು ಘೋಷಣೆ ಅಂಗೀಕಾರವಾದಾಗ ಅಲ್ಲಿ ‘ಎಲ್ಲ ಹ್ಯೂಮನ್ ಬೀಯಿಂಗ್ಸ್’, ಅಂದರೆ ಎಲ್ಲ ಮಾನವ ಜೀವಿಗಳು, ಎಂದು ಇತ್ತು. ರೆಜಿನಾ ಗುಹಾ ಅವರ ತೀರ್ಪು ಬಂದು ಆಗ ಮೂವತ್ತೆರಡು ವರ್ಷ. ಹಂಸಾ ಮೆಹ್ತಾ ಅವರ ಆತಂಕ ಗಾಳಿಯಲ್ಲಿ ಹುಟ್ಟಿದ್ದಾಗಿರಲಿಲ್ಲ.

ನಮ್ಮ ಸಂವಿಧಾನದ ಇಂಗ್ಲಿಷ್ ಪಾಠದಲ್ಲಿ ರಾಷ್ಟ್ರಪತಿಗೆ ಇರುವುದು ‘ಅವನು’. 367ನೆಯ ವಿಧಿಯ ಮೂಲಕ 1897ರ ಆ ಕಾಯಿದೆಯೇ ಸಂವಿಧಾನದ ಅರ್ಥ ಹೇಳುವುದಕ್ಕೂ ಅನ್ವಯಿಸುತ್ತದೆ. 2007ರ ಜುಲೈ 25ರಂದು ಪ್ರತಿಭಾ ಪಾಟೀಲರು ಪ್ರಮಾಣವಚನ ತೆಗೆದುಕೊಂಡಾಗ ಆ ‘ಅವನು’ ಬಾಗಿಲು ಹಾಕಲಿಲ್ಲ. ರೆಜಿನಾ ಗುಹಾ ಅವರನ್ನು ಹೊರಗೆ ನಿಲ್ಲಿಸಿದ ಕಲಮು, ಇವರನ್ನು ಒಳಗೆ ಕರೆಯಿತು. ಆಗ ‘ಪತಿ’ ಎಂಬ ಪದ ಹಿಡಿದು ಜೋಕು ಮಾಡಿದವರಿದ್ದರು. 2022ರಲ್ಲಿ ದ್ರೌಪದಿ ಮುರ್ಮು ಅವರ ವಿಷಯದಲ್ಲೂ ಅದೇ ಪದದ ಮೇಲೆ ಸಂಸತ್ತಿನಲ್ಲಿ ಗದ್ದಲವಾಯಿತು. 2023ರಲ್ಲಿ ಸುಪ್ರೀಂ ಕೋರ್ಟು, ತೀರ್ಪುಗಳಲ್ಲಿ ಹೆಂಗಸರ ಬಗ್ಗೆ ಬಳಸಬಾರದ ಪದಗಳ ಒಂದು ಕೈಪಿಡಿಯನ್ನೇ ಹೊರಡಿಸಿತು. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ‘ಅವನು’ ಗಂಡು, ಹೆಣ್ಣಿನ ಜೊತೆಗೆ ಲಿಂಗಾಂತರಿಗಳನ್ನೂ ಸೇರಿಸಿಕೊಂಡಿದ್ದಾನೆ. ಪದ ಮಾತ್ರ ಇನ್ನೂ ‘ಅವನು’.

ನಾಲ್ಕು ಜನ ಮಕ್ಕಳು

2006ರ ಚಳಿಗಾಲದ ಒಂದು ಬೆಳಗಿನ ಜಾವ ಫೋನು ಬಂತು. ಅಣ್ಣ. ‘ತಂಗೀ, ಆಯಿ ಹೋತು’ ಅಂದ. ಅಷ್ಟೇ. ಅಪ್ಪ ತೀರಿಕೊಂಡಾಗ ‘ಅಪ್ಪ ಹೋದ’ ಅಂದಿದ್ದ. ಆವತ್ತು ಆ ‘ಹೋತು’ ನನ್ನ ಕಿವಿಗೆ ವ್ಯಾಕರಣವಾಗಿ ಕೇಳಲಿಲ್ಲ. ಪತ್ರಿಕೆಗೆ ನಿಧನ ವಾರ್ತೆ ಕೊಡುವಾಗ ನಾನೇ ‘ಅವರು ನಿಧನರಾದರು’ ಎಂದು ಬರೆದೆ. ಗೌರವವಾಗಿತ್ತು, ಆದರೆ ಅದರಲ್ಲಿ ನನ್ನ ಆಯಿ ಇರಲಿಲ್ಲ. ‘ಆಯಿ ಹೋತು’ ಎಂಬುದರಲ್ಲಿ ಇತ್ತು. ಮಗಳಿಗೆ ಬೆಕ್ಕಿನ ಹಾಗೆ ಕೇಳಿದ ಮಾತೇ ನನಗೆ ತಾಯಿಯ ಹಾಗೆ ಕೇಳಿತು. ಆಯಿ ಆವತ್ತು ಹಪ್ಪಳ ಹಾಕಿ ಹೇಳಿದ ಉತ್ತರದಲ್ಲಿ ಅರ್ಧ ಸತ್ಯ ಇತ್ತು ಅಂತ ಆಗ ಒಪ್ಪಿಕೊಂಡೆ.

ಉಳಿದರ್ಧ ಮೂರು ತಿಂಗಳ ನಂತರ ಅಂಚೆಯಲ್ಲಿ ಬಂತು. ಅಪ್ಪನ ತೋಟದ ಪತ್ರಗಳನ್ನು ಅಣ್ಣಂದಿರ ಹೆಸರಿಗೆ ಮಾಡಿಸಲು ನಾನೂ ಅಕ್ಕನೂ ಸಹಿ ಹಾಕಬೇಕಾದ ಹಕ್ಕುಬಿಡುಗಡೆ ಪತ್ರ. ಹಿಂದಿನ ವರ್ಷವಷ್ಟೇ, 2005ರ ಸೆಪ್ಟೆಂಬರಿನಲ್ಲಿ, ಹಿಂದೂ ಉತ್ತರಾಧಿಕಾರ ಕಾಯಿದೆಯ ತಿದ್ದುಪಡಿ ಬಂದು ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳ ಹಕ್ಕಿನ ಮಾತು ಊರೂರಲ್ಲಿ ನಡೆದಿತ್ತು. ಅದಕ್ಕೇ ಆ ಅವಸರ. ತೋಟ ನೋಡಿಕೊಂಡವರು ಅಣ್ಣಂದಿರು, ಆಯಿಯನ್ನು ನೋಡಿಕೊಂಡವರೂ ಅವರೇ. ಬಿಟ್ಟುಕೊಡಬೇಕು ಅಂತ ನಾನು ಮೊದಲೇ ನಿಶ್ಚಯ ಮಾಡಿದ್ದೆ. ಆದರೆ ಮೊದಲ ಪುಟದಲ್ಲಿ ಹೀಗಿತ್ತು: ‘ಸದರಿಯವರಿಗೆ ಇಬ್ಬರು ಮಕ್ಕಳು ಹಾಗೂ ಇಬ್ಬರು ಹೆಣ್ಣುಮಕ್ಕಳು.’

ಇಪ್ಪತ್ತನಾಲ್ಕು ವರ್ಷ ಇಂಥ ಪತ್ರ ಟೈಪು ಮಾಡಿದವಳ ಕಣ್ಣು ಅಲ್ಲೇ ನಿಂತಿತು. ಅಣ್ಣನಿಗೆ ಫೋನು ಮಾಡಿದೆ.

‘ಅಣ್ಣ, ನಾಲ್ಕು ಜನ ಮಕ್ಕಳು ಅಂತ ಬರೆಸು. ಆಮೇಲೆ ಹೆಸರು ಹಾಕು. ಸಹಿ ಮಾಡ್ತೇನೆ.’

‘ಎಂತ ವ್ಯತ್ಯಾಸ ಆಗ್ತು? ಅರ್ಥ ಒಂದೇ ಅಲ್ದಾ?’

‘ಒಂದೇ ಆದ್ರೆ ಬದಲಾಯಿಸೋದಕ್ಕೆ ಏನು ತೊಂದರೆ?’

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಛಾಪಾ ಕಾಗದ ಹೊಸದು ತರಬೇಕು, ಬರೆಯುವವನಿಗೆ ಮತ್ತೆ ದುಡ್ಡು ಕೊಡಬೇಕು ಅಂತ ಗೊಣಗಿದ. ಅಕ್ಕನೂ ನನಗೇ ಬೈದಳು, ಕೊಡೋದೇ ಹೌದಾದ್ರೆ ಈ ಹಟ ಎಂತಕ್ಕೆ ಅಂತ. ನಾನು ರೆಜಿನಾ ಗುಹಾ, ಹಂಸಾ ಮೆಹ್ತಾ ಅಂತ ಏನೂ ಹೇಳಲಿಲ್ಲ. ಮಕ್ಕಳ ಪಟ್ಟಿಯಲ್ಲಿ ನಿಂತು ಬಿಟ್ಟುಕೊಡುವುದು ಬೇರೆ, ಪಟ್ಟಿಯ ಹೊರಗೆ ನಿಂತು ಬಿಟ್ಟುಕೊಡುವುದು ಬೇರೆ ಅಂತಷ್ಟೇ ಹೇಳಿದೆ.

ಹದಿನೈದು ದಿನಕ್ಕೆ ಹೊಸ ಪತ್ರ ಬಂತು. ‘ನಾಲ್ಕು ಜನ ಮಕ್ಕಳು’ ಎಂದು ಇತ್ತು. ಹೆಸರುಗಳು ವಯಸ್ಸಿನ ಪ್ರಕಾರ, ಅಕ್ಕನದು ಮೊದಲು. ಸಹಿ ಮಾಡಿ ಕಳಿಸಿದೆ. ಮುಂದಿನ ಸಲ ಊರಿಗೆ ಹೋದಾಗ ಬಸ್ಸು ಇಳಿದು ದಣಪೆ ದಾಟುತ್ತಿದ್ದ ಹಾಗೆ ಅಣ್ಣನ ಮೊಮ್ಮಗ ಒಳಗೆ ಕೂಗಿದ್ದು ಕೇಳಿಸಿತು, ಮುಂಬಯಿ ಅಜ್ಜಿ ಬಂತು ಅಂತ. ನಾನು ತಿದ್ದಲಿಲ್ಲ.